ಗಡಿಯಾರಕ್ಕೂ ಒಂದು ಊರಿದೆ

ನ್ಯೂಜೆರ್ಸಿಯಿಂದ ಮೈಸೂರಿನ ಅಜ್ಜಿಗೆ ಫೋನು ಬರುತ್ತದೆ: ಮರಿಮಗಳು ಹುಟ್ಟಿದ್ದಾಳೆ, ಜನವರಿ 14, ರಾತ್ರಿ 10:45ಕ್ಕೆ. 'ಸಂಕ್ರಾಂತಿ ದಿನ ಹುಟ್ಟಿದ ಕೂಸು' ಎಂದು ಹಿಗ್ಗುತ್ತ ಅಜ್ಜಿ ಜಾತಕ ಬರೆಸಲು ಹೊರಡುತ್ತಾರೆ. ಆಗ ಮೈಸೂರಿನಲ್ಲಿ 15ನೇ ತಾರೀಖಿನ ಬೆಳಗು. ಜೋಯಿಸರು ದಿನ ಬರೆದುಕೊಂಡರು, ಹೊತ್ತು ಬರೆದುಕೊಂಡರು, ಆಮೇಲೆ ಕನ್ನಡಕ ಸರಿಮಾಡಿಕೊಂಡು ಕೇಳಿದರು: 'ಹುಟ್ಟಿದ್ದು ಎಲ್ಲಿ?'

ಇದು ಕಲ್ಪಿಸಿಕೊಂಡ ಸನ್ನಿವೇಶವೇ ಆದರೂ ಪ್ರಶ್ನೆ ಮಾತ್ರ ನಿಜವಾದದ್ದು. ಜಾತಕವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಅದರ ಲೆಕ್ಕದಲ್ಲಿರುವ ಶಿಸ್ತನ್ನು ಗಮನಿಸಿ. ಮಗು ಹುಟ್ಟಿದಾಗ ಚಂದ್ರ ಯಾವ ನಕ್ಷತ್ರದಲ್ಲಿದ್ದ ಎಂಬುದು ಮೈಸೂರಿಗೂ ನ್ಯೂಜೆರ್ಸಿಗೂ ಒಂದೇ. ಲಗ್ನ ಹಾಗಲ್ಲ, ಹುಟ್ಟಿದ ಊರಿನ ಪೂರ್ವದಲ್ಲಿ ಆಗ ಯಾವ ರಾಶಿ ಏಳುತ್ತಿತ್ತು ಎಂಬುದರ ಮೇಲೆ ಅದು ನಿಂತಿದೆ. ಎಲ್ಲರಿಗೂ ಸಮಾನವಾದ ಕ್ಷಣ ಒಂದು ಕಡೆ, ಆ ಕ್ಷಣ ಒಂದು ಊರಿಗೆ ಕಾಣುವ ರೀತಿ ಇನ್ನೊಂದು ಕಡೆ. ಈ ಎರಡನ್ನು ಕಲಸಿಬಿಟ್ಟರೆ ಜಾತಕ ಕೆಡುತ್ತದೆ. ನಮ್ಮ ಜೇಬಿನ ಮೊಬೈಲ್ ಆ್ಯಪ್‌ಗಳು ಸಮಯ ತಪ್ಪು ತೋರಿಸುವುದೂ ಬಹುಮಟ್ಟಿಗೆ ಇದೇ ಕಾರಣಕ್ಕೆ.

ಒಂದು ಕಾಲಕ್ಕೆ ಪ್ರತಿ ಊರಿಗೂ ಅದರದೇ ಮಧ್ಯಾಹ್ನವಿತ್ತು. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಾಗಾಗಿ ಮಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಬೆಂಗಳೂರಿಗಿಂತ ಸುಮಾರು 11 ನಿಮಿಷ ತಡ. ಪಂಚಾಂಗದವರು ಈ ವ್ಯತ್ಯಾಸವನ್ನು ದೇಶಾಂತರ ಸಂಸ್ಕಾರವೆಂದು ಕೂಡಿ ಕಳೆದು ಸರಿದೂಗಿಸುತ್ತಾರೆ. ರೈಲು ಬಂದ ಮೇಲೆ ಊರಿಗೊಂದು ಗಡಿಯಾರ ಇಟ್ಟುಕೊಳ್ಳುವ ಹಾಗಿರಲಿಲ್ಲ. ಭಾರತದ ರೈಲುಗಳು ಮದ್ರಾಸ್ ಸಮಯಕ್ಕೆ ಓಡಿದವು. 1906ರ ಜನವರಿ 1ರಿಂದ ಪೂರ್ವ ರೇಖಾಂಶ 82.5 ಡಿಗ್ರಿಯ ಸಮಯ ಇಡೀ ದೇಶದ್ದಾಯಿತು. ಅದೇ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಪ್ರಮಾಣ ಕಾಲ. ಆದರೂ ಕಲ್ಕತ್ತ 1948ರವರೆಗೆ, ಬೊಂಬಾಯಿ 1955ರವರೆಗೆ ತಮ್ಮ ಹಳೆಯ ಸಮಯವನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಗಡಿಯಾರದ ಅಂಕಿಯನ್ನು ನಿರ್ಧರಿಸುವುದು ಆಕಾಶ ಮಾತ್ರವಲ್ಲ, ಸರ್ಕಾರವೂ ಹೌದು ಎಂಬುದು ಅಂದಿನಿಂದಲೇ ಸ್ಪಷ್ಟವಿತ್ತು.

ಈಗ ಫೋನಿನೊಳಗೆ ಇಣುಕೋಣ. ಫೋನಿನ ಆಳದಲ್ಲಿ ಬೆಳಿಗ್ಗೆ, ಸಂಜೆ, ತಾರೀಖು ಯಾವುದೂ ಇಲ್ಲ. ಅಲ್ಲಿರುವುದು ಒಂದು ಎಣಿಕೆ: 1970ರ ಜನವರಿ 1, ಗ್ರೀನಿಚ್‌ನ ನಡುರಾತ್ರಿಯಿಂದ ಈವರೆಗೆ ಎಷ್ಟು ಸೆಕೆಂಡು ಕಳೆಯಿತು ಎಂಬುದು. ಈ ಎಣಿಕೆ 100 ಕೋಟಿ ಮುಟ್ಟಿದ ಗಳಿಗೆಯಲ್ಲಿ ಬೆಂಗಳೂರಿನಲ್ಲಿ 2001ರ ಸೆಪ್ಟೆಂಬರ್ 9, ಬೆಳಿಗ್ಗೆ 7 ಗಂಟೆ 16 ನಿಮಿಷ 40 ಸೆಕೆಂಡು. ನ್ಯೂಯಾರ್ಕಿನಲ್ಲಿ ಇನ್ನೂ 8ನೇ ತಾರೀಖು, ರಾತ್ರಿ ಹತ್ತಕ್ಕೆ ಹದಿಮೂರು ನಿಮಿಷ ಬಾಕಿ. ಎರಡೂ ಕಡೆ ಎಣಿಕೆ ಒಂದೇ, ಊರು ಅದಕ್ಕೆ ಇಟ್ಟ ಹೆಸರು ಬೇರೆ. ಈ ಎಣಿಕೆಯ ಹಿಂದಿರುವ ಜಾಗತಿಕ ಸಮಯವನ್ನು ಯುಟಿಸಿ ಎನ್ನುತ್ತಾರೆ. ಕ್ಷಣವನ್ನು ಯುಟಿಸಿಯಲ್ಲಿ ಇಟ್ಟುಕೊಂಡು, ತೋರಿಸುವಾಗ ಮಾತ್ರ ನೋಡುವವರ ಊರಿನ ಸಮಯಕ್ಕೆ ತಿರುಗಿಸುವುದು ಆ್ಯಪ್ ಬರೆಯುವವರ ಮೊದಲ ಪಾಠ.

ಪಾಠ ಸುಲಭ. ಎಡವುವುದು ಹೇಗೆ ಎಂಬುದಕ್ಕೆ ಒಂದು ಉದಾಹರಣೆ ನೋಡಿ. ಪ್ರತಿ ಶನಿವಾರ ಭಾರತದ ಸಂಜೆ 7ಕ್ಕೆ ಯಕ್ಷಗಾನದ ನೇರ ಪ್ರಸಾರ ಕೊಡುವ ಒಂದು ಆ್ಯಪ್ ಇದೆ ಎಂದಿಟ್ಟುಕೊಳ್ಳಿ. ಸಂಜೆ 7 ಎಂದರೆ ಯುಟಿಸಿಯಲ್ಲಿ 13:30. ಸರ್ವರ್ ಆ 13:30 ಅನ್ನು ಮಾತ್ರ ಕಳಿಸುತ್ತದೆ; ಇದು ಯುಟಿಸಿ ಎಂದು ಸಾರುವ 'ಝಡ್' ಅಕ್ಷರವನ್ನು ಕೊನೆಗೆ ಹಚ್ಚಲು ಮರೆಯುತ್ತದೆ. ಊರಿನ ಹೆಸರಿಲ್ಲದ ಅಂಕಿಯನ್ನು ಕಂಡ ಫೋನು ಅದು ತನ್ನ ಊರಿನದೇ ಎಂದುಕೊಳ್ಳುತ್ತದೆ. ಬೆಂಗಳೂರಿನ ಪ್ರೋಗ್ರಾಮರ್‌ಗೆ ಪರದೆಯ ಮೇಲೆ ಮಧ್ಯಾಹ್ನ ಒಂದೂವರೆ ಕಾಣುತ್ತದೆ. ಐದೂವರೆ ಗಂಟೆ ಕಡಿಮೆ ಇದೆಯಲ್ಲ ಎಂದು ಅವರು ಕೋಡ್‌ನಲ್ಲಿ ಕೈಯಾರೆ 5:30 ಕೂಡಿಸುತ್ತಾರೆ. ಪರದೆಯ ಮೇಲೆ 7 ಗಂಟೆ! ಅಕ್ಕಪಕ್ಕದ ಮೇಜಿನವರ ಫೋನಿನಲ್ಲೂ 7. ಪರೀಕ್ಷೆ ಪಾಸು.

ನ್ಯೂಜೆರ್ಸಿಯ ಫೋನಿನಲ್ಲೂ 7 ಗಂಟೆಯೇ ಕಾಣುತ್ತದೆ, ಅಲ್ಲಿಯ ಸಂಜೆ 7. ನಿಜವಾಗಿ ಆಟ ಶುರುವಾಗುವುದು ಅವರ ಬೆಳಿಗ್ಗೆ. ಸಂಜೆ ಆ್ಯಪ್ ಗಂಟೆ ಬಾರಿಸುವಾಗ ಊರಿನಲ್ಲಿ ಮಂಗಳ ಹಾಡಿ ಎಷ್ಟೋ ಹೊತ್ತಾಗಿರುತ್ತದೆ. ಕತೆ ಇಲ್ಲಿಗೂ ಮುಗಿಯಲಿಲ್ಲ. ಆರು ತಿಂಗಳ ನಂತರ ಬೇರೊಬ್ಬರು ಸರ್ವರನ್ನು ಸರಿಪಡಿಸಿ 'ಝಡ್' ಹಚ್ಚುತ್ತಾರೆ. ಈಗ ಫೋನು ತಾನೇ ಐದೂವರೆ ಗಂಟೆ ಕೂಡಿಸುತ್ತದೆ, ಹಳೆಯ ಕೋಡ್ ಮತ್ತೊಮ್ಮೆ ಕೂಡಿಸುತ್ತದೆ. ಬೆಂಗಳೂರಿನವರಿಗೂ ಆಟ ನಡುರಾತ್ರಿ ಹನ್ನೆರಡೂವರೆಗೆ! ಎರಡು ತಪ್ಪು ಸೇರಿ ಸರಿಯಂತೆ ಕಾಣುತ್ತಿದ್ದುದು ಒಂದನ್ನು ತಿದ್ದಿದೊಡನೆ ಬಯಲಾಯಿತು.

ಭಾರತದಲ್ಲಿ ಬೆಳೆದ ಪ್ರೋಗ್ರಾಮರ್‌ಗೆ ಇಲ್ಲಿ ಇನ್ನೊಂದು ತೊಡಕಿದೆ. ನಮ್ಮ ಐದೂವರೆ ಗಂಟೆ ಬೇಸಿಗೆಯಲ್ಲೂ ಚಳಿಗಾಲದಲ್ಲೂ ಅದೇ. ಬೇರೆ ಊರುಗಳ ಅಂತರವೂ ಹೀಗೆಯೇ ಸ್ಥಿರ ಎಂಬ ಭಾವನೆ ತಿಳಿಯದೆಯೇ ಬೇರೂರಿರುತ್ತದೆ. ಅಮೆರಿಕದ ಬಹುಪಾಲು ರಾಜ್ಯಗಳು ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತವೆ. 2026ರ ಮಾರ್ಚ್ 7ರ ಯಕ್ಷಗಾನ ನ್ಯೂಜೆರ್ಸಿಗೆ ಬೆಳಿಗ್ಗೆ 8:30ಕ್ಕೆ. ಮುಂದಿನ ಶನಿವಾರ 14ರಂದು 9:30ಕ್ಕೆ. ಬ್ರಿಟನ್ ಬದಲಾಗುವುದು ಮಾರ್ಚ್‌ನ ಕೊನೆಯ ಭಾನುವಾರವಾದ್ದರಿಂದ ಲಂಡನ್ನಿಗೆ ಎರಡೂ ವಾರ ಮಧ್ಯಾಹ್ನ 1:30. ದುಬೈ ಗಡಿಯಾರವನ್ನು ಮುಟ್ಟುವುದೇ ಇಲ್ಲ. ಅಲ್ಲಿ ವರ್ಷವಿಡೀ ಸಂಜೆ 5:30. ಇನ್ನು ಮಾರ್ಚ್ 8ರ ನ್ಯೂಜೆರ್ಸಿಯಲ್ಲಿ ಬೆಳಗಿನ ಜಾವ ಎರಡೂವರೆ ಎಂಬ ಹೊತ್ತೇ ಇಲ್ಲ. ಗಡಿಯಾರ 2ರಿಂದ ನೇರ 3ಕ್ಕೆ ಹಾರುತ್ತದೆ. ನವೆಂಬರ್ 1ರಂದು ರಾತ್ರಿ ಒಂದೂವರೆ ಎರಡು ಸಲ ಬರುತ್ತದೆ. ಆ ದಿನಕ್ಕೆ 25 ಗಂಟೆ. ನಾಳೆ ಎಂದರೆ 24 ಗಂಟೆ ಕೂಡಿಸುವುದು ಎಂದು ಬರೆದ ಕೋಡ್ ವರ್ಷಕ್ಕೆ ಎರಡು ಸಲ ಸುಳ್ಳು ಹೇಳುತ್ತದೆ.

ಹಾಗಾದರೆ ಇಷ್ಟೂ ನಿಯಮಗಳನ್ನು ಪ್ರೋಗ್ರಾಮರ್ ನೆನಪಿಟ್ಟುಕೊಳ್ಳಬೇಕೇ? ಬೇಕಿಲ್ಲ. ಆರ್ಥರ್ ಡೇವಿಡ್ ಓಲ್ಸನ್ ಆರಂಭಿಸಿ, ಪಾಲ್ ಎಗರ್ಟ್ ಮುಂದುವರಿಸಿದ ಒಂದು ಜಾಗತಿಕ ಕೋಷ್ಟಕವಿದೆ. 2011ರಿಂದ ಅದು ಅಂತರ್ಜಾಲದ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಆಶ್ರಯದಲ್ಲಿದೆ. ಆಂಡ್ರಾಯ್ಡ್, ಐಫೋನ್ ಎರಡರ ಒಳಗೂ ಅದರ ಪ್ರತಿ ಇದೆ. ಅಲ್ಲಿ ಭಾರತದ ಹೆಸರು 'ಏಷ್ಯಾ/ಕೋಲ್ಕತಾ'. ಯಾವ ಊರಿನಲ್ಲಿ ಗಡಿಯಾರ ಎಂದು ಎಷ್ಟು ಸರಿಯಿತು ಎಂಬ ಚರಿತ್ರೆಯೆಲ್ಲ ಅದರಲ್ಲಿ ಸಿಗುತ್ತದೆ. ನೇಪಾಳ 1986ರಲ್ಲಿ ನಮ್ಮ ಐದೂವರೆಯನ್ನು ಬಿಟ್ಟು ಐದೂಮುಕ್ಕಾಲಿಗೆ ಹೋದದ್ದು ಅದರಲ್ಲಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದ ಗಡಿಯಾರಗಳು ಒಂದು ಗಂಟೆ ಮುಂದೆ ಓಡಿ, 1945ರ ಅಕ್ಟೋಬರಿನಲ್ಲಿ ಹಿಂದೆ ಸರಿದದ್ದೂ ಇದೆ. ಆ ವರ್ಷಗಳಲ್ಲಿ ಹುಟ್ಟಿದವರ ಜಾತಕ ಬರೆಯುವಾಗ ಜೋಯಿಸರು ಆ ಒಂದು ಗಂಟೆಯನ್ನು ಇಂದಿಗೂ ಕಳೆಯುತ್ತಾರೆ. ಕೋಷ್ಟಕ ಮಾಡುವುದೂ ಅದನ್ನೇ.

ಆದ್ದರಿಂದ ಕೋಡ್‌ನಲ್ಲಿ 5:30 ಎಂದು ಬರೆಯುವ ಬದಲು ಊರಿನ ಹೆಸರು ಬರೆದು, ಅಂತರವನ್ನು ಕೋಷ್ಟಕಕ್ಕೆ ಕೇಳಬೇಕು. 'ಐಎಸ್‌ಟಿ' ಎಂಬ ಚುಟುಕು ಹೆಸರೂ ಸಾಲದು. ಭಾರತ, ಇಸ್ರೇಲ್, ಐರ್ಲೆಂಡ್ ಮೂರೂ ದೇಶದವರು ತಮ್ಮ ಸಮಯವನ್ನು ಹಾಗೆಯೇ ಬರೆಯುತ್ತಾರೆ.

ಕೋಷ್ಟಕಕ್ಕೂ ಒಂದು ಮಿತಿ ಇದೆ: ಸರ್ಕಾರದ ಮನಸ್ಸನ್ನು ಅದು ಮುಂಚಿತವಾಗಿ ಓದಲಾರದು. 2023ರ ಮಾರ್ಚ್‌ನಲ್ಲಿ ಲೆಬನಾನ್ ಸರ್ಕಾರ, ಗಡಿಯಾರ ಮುಂದಿಡಬೇಕಿದ್ದ ದಿನಕ್ಕೆ ಎರಡು ಮೂರು ದಿನವಿದ್ದಾಗ, ರಂಜಾನ್ ಮುಗಿಯುವವರೆಗೆ ಬೇಡ ಎಂದಿತು. ಚರ್ಚ್ ಮತ್ತು ಹಲವು ಸಂಸ್ಥೆಗಳು ಒಪ್ಪಲಿಲ್ಲ. ಕೆಲವು ದಿನ ಒಂದೇ ದೇಶದಲ್ಲಿ ಎರಡು ಸಮಯ ನಡೆಯಿತು. ಕೊನೆಗೆ ಸರ್ಕಾರವೇ ಹಿಂದೆಗೆಯಿತು. ಅಷ್ಟು ಅವಸರದಲ್ಲಿ ಪ್ರತಿ ಫೋನಿಗೂ ಹೊಸ ಕೋಷ್ಟಕ ಮುಟ್ಟಿಸುವುದು ಆಗದ ಮಾತು.

'ಎಲ್ಲವನ್ನೂ ಯುಟಿಸಿಯಲ್ಲಿಡಿ' ಎಂಬ ಮೊದಲ ಪಾಠ ಅರ್ಧಸತ್ಯವಾಗುವುದು ಇಲ್ಲಿ. ಆಗಿಹೋದ ಸಂಗತಿಗೆ ಅದು ಸರಿ. ಹಣ ಎಷ್ಟು ಹೊತ್ತಿಗೆ ಪಾವತಿಯಾಯಿತು, ಸಂದೇಶ ಯಾವಾಗ ಹೋಯಿತು ಎಂಬ ಕ್ಷಣಗಳು ಬದಲಾಗುವುದಿಲ್ಲ. ಬರಲಿರುವ ಭೇಟಿಯ ಕತೆ ಬೇರೆ. ನ್ಯೂಜೆರ್ಸಿಯ ಮಕ್ಕಳಿಗೆ ಭಾನುವಾರ ಬೆಳಿಗ್ಗೆ 10ಕ್ಕೆ ಕನ್ನಡ ಪಾಠವಿದೆ, ಗುರುಗಳು ಮೈಸೂರಿನಲ್ಲಿದ್ದಾರೆ ಎನ್ನಿ. ಮಾತು ಕೊಟ್ಟದ್ದು ಅಲ್ಲಿಯ ಹತ್ತು ಗಂಟೆಗೆ. ಗುರುಗಳಿಗೆ ಅದು ಚಳಿಗಾಲದಲ್ಲಿ ರಾತ್ರಿ 8:30, ಬೇಸಿಗೆಯಲ್ಲಿ 7:30. ಗಡಿಯಾರ ತಿರುಗಿಸುವ ಪದ್ಧತಿಯನ್ನೇ ಕೈಬಿಡುವ ಮಸೂದೆಗೆ ಅಮೆರಿಕದ ಸೆನೆಟ್ 2022ರಲ್ಲಿ ಒಪ್ಪಿಗೆ ಕೊಟ್ಟಿತ್ತು, ಅದು ಕಾನೂನಾಗಲಿಲ್ಲ. ಮುಂದೊಂದು ದಿನ ಆದರೆ, ಮೊದಲೇ ಯುಟಿಸಿಗೆ ತಿರುಗಿಸಿ ಇಟ್ಟ ಪಾಠಗಳು ಒಂದು ಗಂಟೆ ತಪ್ಪುತ್ತವೆ. 'ಬೆಳಿಗ್ಗೆ 10, ನ್ಯೂಯಾರ್ಕ್ ಸಮಯ' ಎಂದು ಕೊಟ್ಟ ಮಾತನ್ನೇ ಇಟ್ಟುಕೊಂಡರೆ ತಪ್ಪುವುದಿಲ್ಲ.

ಮೂರನೆಯ ಬಗೆಯೊಂದಿದೆ: ಹುಟ್ಟುಹಬ್ಬದಂಥದ್ದು. ಅದಕ್ಕೆ ಗಂಟೆಯೂ ಇಲ್ಲ, ಊರೂ ಇಲ್ಲ, ತಾರೀಖು ಮಾತ್ರ. ಜಾವಾ ಭಾಷೆಯ ಹಳೆಯ ವ್ಯವಸ್ಥೆಯಲ್ಲಿ ಎಲ್ಲಕ್ಕೂ ಬಳಸುತ್ತಿದ್ದುದು 'ಡೇಟ್' ಎಂಬ ಒಂದೇ ಪಾತ್ರೆ. ಹೆಸರಿಗೆ ತಾರೀಖು, ಒಳಗಿದ್ದದ್ದು ಕ್ಷಣದ ಎಣಿಕೆ. 2014ರಲ್ಲಿ ಬಂದ ಹೊಸ ವ್ಯವಸ್ಥೆ ಕ್ಷಣಕ್ಕೆ 'ಇನ್‌ಸ್ಟಂಟ್', ಊರಿನ ಸಮಯಕ್ಕೆ 'ಝೋನ್ಡ್‌ಡೇಟ್‌ಟೈಮ್', ಬರೀ ತಾರೀಖಿಗೆ 'ಲೋಕಲ್‌ಡೇಟ್' ಎಂದು ಬೇರೆ ಬೇರೆ ಪಾತ್ರೆ ಕೊಟ್ಟಿತು. 2017ರ ಆಂಡ್ರಾಯ್ಡ್ 8ರಿಂದ ಅದು ಫೋನಿನೊಳಗೇ ಇದೆ. ಯಾವುದನ್ನು ಯಾವುದರಲ್ಲಿ ಹಾಕಬೇಕೆಂದು ಮಾತ್ರ ಭಾಷೆ ಹೇಳಿಕೊಡದು. ದಿನಾ ಬೆಳಿಗ್ಗೆ 8ಕ್ಕೆ ಮಾತ್ರೆ ನೆನಪಿಸುವ ಆ್ಯಪ್ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದಾಗ ಅಲ್ಲಿಯ 8ಕ್ಕೆ ಕೂಗಬೇಕೋ, ಹಿಂದಿನ ಮಾತ್ರೆಯಿಂದ 24 ಗಂಟೆ ಎಣಿಸಿ ಕೂಗಬೇಕೋ? ಉತ್ತರ ಕೋಷ್ಟಕದಲ್ಲಿಲ್ಲ, ಡಾಕ್ಟರ ಬಳಿ ಇದೆ. ಕೇಳಿ ತಿಳಿದ ಮೇಲೆ ಬರೆಯಬೇಕಾದ ಕೋಡ್ ಅದು.

ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬರೋಣ. ಅಜ್ಜಿಯ ಫೋನಿನಲ್ಲಿ ನಮೂದಿಸಿದ ಜನವರಿ 14 ಅನ್ನು ಆ್ಯಪ್ 'ಭಾರತದ 14ರ ನಡುರಾತ್ರಿ' ಎಂಬ ಕ್ಷಣವಾಗಿ ಇಟ್ಟುಕೊಂಡಿದ್ದರೆ, ನ್ಯೂಜೆರ್ಸಿಯ ಫೋನು ಅದನ್ನು 13ರ ಮಧ್ಯಾಹ್ನ ಒಂದೂವರೆ ಎಂದು ಓದಿ, ಒಂದು ದಿನ ಮೊದಲೇ ಶುಭಾಶಯ ಹೇಳುತ್ತದೆ. ಅಜ್ಜಿಯೂ 14ರ ಬೆಳಿಗ್ಗೆ ಏಳಕ್ಕೆ ಸ್ನಾನ ಮುಗಿಸಿ ಫೋನು ಮಾಡುತ್ತಾರೆ. ಅಲ್ಲಿ ಇನ್ನೂ 13ರ ರಾತ್ರಿ ಎಂಟೂವರೆ. ಅಜ್ಜಿಯ ಮಾತು ಮಾತ್ರ ಹೀಗೆ ಶುರುವಾಗುತ್ತದೆ: 'ನಿಮಗಿನ್ನೂ ನಾಳೆ ಅಲ್ಲವೇನೋ? ನಮಗೆ ಇಲ್ಲಿ ಆಗಲೇ ಸಂಕ್ರಾಂತಿ.'