ಓದುಗ ಬರೀ ಗ್ರಾಹಕನಾದಾಗ

2023ರಲ್ಲಿ ಅಮೆರಿಕದ ‘ಮ್ಯಾಕ್ಸಿಮಮ್ ಪಿಸಿ’ ಹಾಗೂ ‘ಮ್ಯಾಕ್‌ಲೈಫ್’ಗಳ ಮುದ್ರಣ ನಿಂತಿತು. ಗಣಕ ಪತ್ರಿಕೆಗಳನ್ನು ಅಂತರಜಾಲವೇ ನುಂಗಿತೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನ್ನ ದೃಷ್ಟಿಯಲ್ಲಿ ಇದು ಅರ್ಧಸತ್ಯ. ಅಂತರಜಾಲ ಮನೆಮನೆಯನ್ನು ಹೊಗುವ ಮೊದಲೇ ಅವುಗಳ ಜೀವಸೆಲೆ ಬತ್ತಿತ್ತು.

1974ರಲ್ಲಿ ಡೇವಿಡ್ ಆಲ್ ‘ಕ್ರಿಯೇಟಿವ್ ಕಂಪ್ಯೂಟಿಂಗ್’ ಆರಂಭಿಸಿದರು. ಮರುವರ್ಷದ ಜನವರಿಯಲ್ಲಿ ‘ಪಾಪ್ಯುಲರ್ ಇಲೆಕ್ಟ್ರಾನಿಕ್ಸ್’ ತನ್ನ ಮುಖಪುಟದಲ್ಲಿ ಆಲ್ಟೇರ್ 8800 ಯಂತ್ರವನ್ನು ಪರಿಚಯಿಸಿತು; ಸೆಪ್ಟೆಂಬರಿನಲ್ಲಿ ‘ಬೈಟ್’ ಹುಟ್ಟಿತು. ಸಿದ್ಧ ತಂತ್ರಾಂಶ ವಿರಳವಾಗಿದ್ದ ಆ ದಿನಗಳಲ್ಲಿ ಓದುಗನೊಬ್ಬ ಬೇಸಿಕ್ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಪತ್ರಿಕೆ ಅಚ್ಚುಹಾಕುತ್ತಿತ್ತು. ದೂರದೂರಿನ ಮತ್ತೊಬ್ಬ ಅದನ್ನು ಸಾಲುಸಾಲಾಗಿ ಬೆರಳಚ್ಚಿಸಿ ಕ್ಯಾಸೆಟ್ಟಿನಲ್ಲಿ ಉಳಿಸಿಕೊಳ್ಳುತ್ತಿದ್ದ. ಒಂದು ಅಲ್ಪವಿರಾಮ ತಪ್ಪಿದರೂ ಯಂತ್ರ ಮೊಂಡು ಹಿಡಿಯುತ್ತಿತ್ತು. ತಪ್ಪನ್ನು ಹುಡುಕುತ್ತ ಹುಡುಕುತ್ತ ಆತ ಕಲಿಯುತ್ತಿದ್ದ. ಕಲಿತವನು ತಾನೂ ಬರೆದು ಕಳುಹಿಸುತ್ತಿದ್ದ.

1981ರಲ್ಲಿ ಐಬಿಎಂ ಪಿಸಿ ಬಂದ ಮೇಲೆ ಗಾಳಿ ಬೇರೆ ಕಡೆಗೆ ಬೀಸಿತು. ತಂತ್ರಾಂಶಗಳು ಪುಟಗಳಲ್ಲಿ ಹಿಡಿಸದಷ್ಟು ಬೆಳೆದು, ಫ್ಲಾಪಿಯಲ್ಲಿ ಸಿದ್ಧವಾಗಿ ದೊರೆಯತೊಡಗಿದವು. ಇತ್ತ ಜಾಹೀರಾತುಗಳಿಂದ ಕೊಬ್ಬಿದ್ದ ಪತ್ರಿಕೆಗಳು ಮನೆಗಣಕಗಳ ಬೆಲೆಸಮರದ ಬಿಸಿಯನ್ನೂ ಉಣ್ಣಬೇಕಾಯಿತು. 1983ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯೇ ಆ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ‘ಕ್ರಿಯೇಟಿವ್ ಕಂಪ್ಯೂಟಿಂಗ್’ 1985ರ ಡಿಸೆಂಬರಿಗೆ ಮುಗಿಯಿತು. ‘ಕಂಪ್ಯೂಟ್!’ 1988ರಲ್ಲಿ ಪ್ರೋಗ್ರಾಮುಗಳ ಪ್ರಕಟಣೆಯನ್ನು ಕೈಬಿಟ್ಟು, 1994ರಲ್ಲಿ ಕಣ್ಣುಮುಚ್ಚಿತು. 1998ರ ಜುಲೈಗೆ ನಿಂತ ‘ಬೈಟ್’ನ ಅಂತ್ಯದಲ್ಲಿ ಅಂತರಜಾಲದ ಪಾಲೂ ಇದ್ದೀತು. ಆದರೆ ಅಷ್ಟರಲ್ಲಿ ಇಂತಹ ಪತ್ರಿಕೆಗಳಲ್ಲಿ ಹೆಚ್ಚಿನವು ಯಾವ ಯಂತ್ರ ಕೊಳ್ಳಬೇಕೆಂಬ ಕೈಪಿಡಿಗಳಾಗಿದ್ದವು. ಬೆಲೆಪಟ್ಟಿ ಬೇರೆಲ್ಲಾದರೂ ಪುಕ್ಕಟೆಯಾಗಿ ಸಿಕ್ಕರೆ ಕೈಪಿಡಿಗೆ ಕಾಸು ಕೊಡುವವರಾರು?

ಗಂಟೆಗಟ್ಟಲೆ ಬೆರಳಚ್ಚಿಸುವ ಕಷ್ಟ ತಪ್ಪಿದ್ದು ಲಾಭವೇ ಸರಿ. ಆ ಕಷ್ಟವೇ ಮರಳಿ ಬರಲೆಂದು ನಾನು ಹೇಳುತ್ತಿಲ್ಲ. ಓದುಗನಿಗೆ ಪತ್ರಿಕೆಯಲ್ಲಿ ಮಾಡಲೊಂದು ಕೆಲಸವಿದ್ದಾಗ ಅದು ಅವನದಾಗಿತ್ತು. ಆ ಕೆಲಸ ಹೋದ ಮೇಲೆ ಅದು ಅಂಗಡಿಯವನದಾಯಿತು ಎಂಬುದಷ್ಟೇ ನನ್ನ ವಾದ.

ಹೊರನಾಡಿನಲ್ಲಿ ಸಂಘದ ಪತ್ರಿಕೆ ನಡೆಸುವ ನಮಗೂ ಈ ಮಾತು ಅನ್ವಯಿಸುತ್ತದೆ. ಪದಾಧಿಕಾರಿಗಳ ಭಾವಚಿತ್ರ, ಶುಭಾಶಯದ ಜಾಹೀರಾತುಗಳಿಂದ ಸಂಚಿಕೆ ದಪ್ಪವಾದೀತು, ಬಾಳಲಾರದು. ಪ್ರತಿ ಸಂಚಿಕೆಯಲ್ಲಿ ನಾಲ್ಕು ಪುಟಗಳನ್ನಾದರೂ ಮೊದಲ ಬಾರಿಗೆ ಕನ್ನಡದಲ್ಲಿ ಬರೆಯುವ ಸದಸ್ಯರಿಗೆ, ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ, ಮೀಸಲಿಡೋಣ. ಕಾಗುಣಿತ ತಪ್ಪಿದರೆ ತಿದ್ದಿ ಅಚ್ಚುಹಾಕೋಣ. ಬರೆದವರು ಮುಂದಿನ ಸಂಚಿಕೆಯನ್ನು ತಾವೇ ಕಾದು ಓದುತ್ತಾರೆ.