ನೊರೆಯ ಭಕ್ತರಿಗೆ ಒಂದು ಬಿನ್ನಹ

ಪುಕ್ಕಟೆಯಾಗಿ ದೊರೆಯುವ ವಸ್ತುಗಳ ಪೈಕಿ ಸಲಹೆಗೆ ಅಗ್ರಸ್ಥಾನ. ಸಲಹೆಗಳ ಪೈಕಿ ಮನೆ ತೊಳೆಯುವ ಸಲಹೆಗೆ. ಹಿಂದೆ ಇದನ್ನು ಕೊಡುವುದಕ್ಕೆ ನೆರೆಮನೆಯವರು ನಡೆದು ಬರಬೇಕಾಗಿತ್ತು. ಈಗ ಬೆಳಗಿನ ಕಾಫಿಗೆ ಮೊದಲೇ ಮೊಬೈಲಿನಲ್ಲಿ ಬಂದು ಬೀಳುತ್ತದೆ. ನನಗೆ ಕಳುಹಿಸುವವರೆಲ್ಲ ಗಂಡಸರು. ಸ್ನಾನಕ್ಕಲ್ಲದೆ ಬೇರಾವ ಕಾರಣಕ್ಕೂ ಬಚ್ಚಲುಮನೆಯನ್ನು ಪ್ರವೇಶಿಸದವರು.

ಈ ಸಲಹೆಗಳಿಗೆಲ್ಲ ಕಿರೀಟಪ್ರಾಯವಾದದ್ದು ಅಡಿಗೆ ಸೋಡಾ ಮತ್ತು ವಿನೆಗರ್‌ಗಳ ವಿವಾಹ. ಎರಡನ್ನೂ ಬೆರೆಸಿರಿ, ಭುಸ್ಸೆಂದು ನೊರೆಯೇಳುತ್ತದೆ, ಕೊಳೆ ಓಡುತ್ತದೆ ಎಂದು ಸಾರುತ್ತಾರೆ. ಓಡಿದ್ದು ಯಾವುದು ಸ್ವಾಮಿ? ಬೇರೆ ಬೇರೆಯಾಗಿದ್ದಾಗ ಇಬ್ಬರೂ ಯೋಗ್ಯರೇ. ಸೋಡಾ ಕ್ಷಾರ, ಸೀದ ಪಾತ್ರೆಯ ತಳಕ್ಕೆ ಒಳ್ಳೆಯದು. ವಿನೆಗರ್ ಆಮ್ಲ; ನಲ್ಲಿಯ ಮೇಲೆ ಕೊಳವೆಬಾವಿಯ ನೀರು ಬಿಟ್ಟ ಬಿಳಿ ಕಲೆಯನ್ನು ಕರಗಿಸುತ್ತದೆ. ಕೂಡಿಸಿದಿರೋ, ಒಂದು ಇನ್ನೊಂದನ್ನು ನುಂಗಿತು. ಮೇಲೆದ್ದು ಹೋದದ್ದು ಗೋಲಿ ಸೋಡಾದಲ್ಲಿರುವ ಅನಿಲ. ಕೆಳಗೆ ಉಳಿದದ್ದು ಸೋಡಿಯಂ ಅಸಿಟೇಟ್ ಎಂಬ ಲವಣ ಕರಗಿದ ನೀರು. ಇಬ್ಬರು ಕೆಲಸಗಾರರನ್ನು ಕುಸ್ತಿಗೆ ಬಿಟ್ಟು, ಇಬ್ಬರೂ ನೆಲಕ್ಕುರುಳಿದ ಮೇಲೆ ಚಪ್ಪಾಳೆ ತಟ್ಟುವುದಕ್ಕೆ ಶುಚಿತ್ವವೆಂದು ಹೆಸರು!

ಇದಕ್ಕೆ 'ಅಜ್ಜಿಯ ಕಾಲದ ಗುಟ್ಟು' ಎಂಬ ಮುದ್ರೆ ಬೇರೆ. ಅಜ್ಜಿಯ ಹೆಸರನ್ನು ಹೀಗೆ ಕೆಡಿಸಬಾರದು. ಕಿಲುಬು ಹಿಡಿದ ಹಿತ್ತಾಳೆ ಚೊಂಬಿಗೆ ಆಕೆ ಹುಣಿಸೆಹಣ್ಣು ಹಚ್ಚಿದಳು; ಹುಳಿ ಕಿಲುಬನ್ನು ಕರಗಿಸುತ್ತದೆ. ಜಿಡ್ಡಿನ ಬಾಣಲೆಗೆ ಒಲೆಯ ಬೂದಿ ಹಾಕಿದಳು. ಬೂದಿಯ ಕ್ಷಾರ ಜಿಡ್ಡನ್ನು ಸಡಿಲಿಸುತ್ತದೆ. ಯಾವುದಕ್ಕೆ ಯಾವುದೆಂದು ಆಕೆ ಬಲ್ಲಳು. ಎಲ್ಲಕ್ಕಿಂತ ಮಿಗಿಲಾಗಿ, ಎರಡರ ಹಿಂದೆಯೂ ತೆಂಗಿನ ನಾರು ಹಿಡಿದ ಕೈಯೊಂದಿತ್ತು. ನಮ್ಮ ಸಲಹೆಗಾರರು ಆ ಕೈಯ ಮಾತನ್ನು ಮಾತ್ರ ಎತ್ತುವುದಿಲ್ಲ.

ಉಪಯೋಗವಿಲ್ಲದ ಸಲಹೆಯನ್ನು ನಕ್ಕು ಬಿಡಬಹುದು. ಅಪಾಯದ ಸಲಹೆಯನ್ನು ಬಿಡಲಾಗದು. ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಸುಣ್ಣಕಲ್ಲು. ಅದರ ಮೇಲೆ ನಿಂಬೆಹುಳಿ ಸುರಿದರೆ ಕಲೆಯ ಜೊತೆಗೆ ಕಲ್ಲೂ ಸವೆಯುತ್ತದೆ. ಹೋಗಲಿ, ನೆಲ ತಾನೆ! ಆದರೆ 'ಒಂದಕ್ಕಿಂತ ಎರಡು ಮೇಲು' ಎಂದು ಬ್ಲೀಚಿಂಗ್ ಪುಡಿಗೆ ಪಾಯಖಾನೆ ತೊಳೆಯುವ ಆಸಿಡ್ ಬೆರೆಸಿದರೆ ಹೊರಡುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಜರ್ಮನ್ ಸೇನೆ ಶತ್ರುಗಳ ಮೇಲೆ ಬಿಟ್ಟದ್ದು ಇದನ್ನೇ. ಗಾಳಿಯಾಡದ ಬಚ್ಚಲಿನಲ್ಲಿ ಅದನ್ನು ಸೇವಿಸುವವರು ಯಾರು? ಸಲಹೆ ಕಳುಹಿಸಿದ ಮಹಾಶಯರಲ್ಲ. ಅವರ ಮಡದಿ, ಇಲ್ಲವೆ, ಸೀಸೆಯ ಮೇಲಿನ ಇಂಗ್ಲಿಷು ಎಚ್ಚರಿಕೆಯನ್ನು ಓದಲು ಬಾರದ ಕೆಲಸದಾಕೆ.

ನನ್ನ ವಾದ ಇಷ್ಟೆ. ಈ ಉಪಾಯಗಳ ಗುರಿ ಕೊಳೆಯಲ್ಲ. ತಿಕ್ಕುವ ದುಡಿಮೆ ಎಂಬುದೊಂದು ಇಲ್ಲವೇ ಇಲ್ಲವೆಂದು ನಂಬಿಸುವುದು. ದುಡಿಮೆಯೇ ಇಲ್ಲವೆಂದ ಮೇಲೆ ಕೆಲಸದಾಕೆಗೆ ಸಂಬಳ ಹೆಚ್ಚಿಸಬೇಕಾಗಿಲ್ಲ, ಮಡದಿಗೆ ನೆರವಾಗಬೇಕಾಗಿಲ್ಲ; ನೊರೆಯೇ ಎಲ್ಲವನ್ನೂ ಮಾಡಿತಲ್ಲ!

ಆದ್ದರಿಂದ, ಉಪಾಯ ಸಾರಬಯಸುವ ಮಹಾಶಯರು ಮೊದಲು ತಮ್ಮ ಮನೆಯ ಬಚ್ಚಲನ್ನು ಒಂದು ತಿಂಗಳು ತಮ್ಮ ಕೈಯಿಂದಲೇ ತಿಕ್ಕಲಿ. ಸೊಂಟ ಹಿಡಿದುಕೊಂಡು ಮೇಲೆದ್ದ ಬಳಿಕವೂ ಹೇಳುವುದೇನಾದರೂ ಉಳಿದಿದ್ದರೆ, ಅವಶ್ಯ ಕೇಳೋಣ. ಪೊರಕೆ ಎಲ್ಲಿದೆಯೆಂದು ತಿಳಿಯದಿದ್ದರೆ ಮನೆಯವರನ್ನು ಕೇಳಿರಿ, ಸಂತೋಷದಿಂದ ತೋರಿಸುತ್ತಾರೆ.