ಟೈ ಆದಾಗ ಯಾರ ಮಾತು ನಡೀಬೇಕು?

2009ರ ನವೆಂಬರ್, ಲಂಡನ್. ವರ್ಷಾಂತ್ಯದ ಎಟಿಪಿ ಟೂರ್ನಿ. ಒಂದೇ ಗುಂಪಿನಲ್ಲಿದ್ದ ಫೆಡರರ್, ಡೆಲ್ ಪೊಟ್ರೊ, ಆಂಡಿ ಮರ್ರೆ ಮೂವರೂ ತಲಾ ಎರಡು ಪಂದ್ಯ ಗೆದ್ದು ಒಂದು ಸೋತಿದ್ದರು. ಸೆಟ್ ಲೆಕ್ಕದಲ್ಲೂ ಸಮ: ಗೆದ್ದಿದ್ದು 5, ಸೋತಿದ್ದು 4. ಸೆಮಿಫೈನಲ್‌ಗೆ ಇದ್ದಿದ್ದು ಎರಡೇ ಜಾಗ. ಕೊನೆಗೆ ಗೆದ್ದ ಗೇಮ್‌ಗಳ ಶೇಕಡಾವಾರು ನೋಡಬೇಕಾಯ್ತು. ಫೆಡರರ್ 52.4, ಡೆಲ್ ಪೊಟ್ರೊ 51.1, ಮರ್ರೆ 50.6. ಮರ್ರೆ ಹೊರಕ್ಕೆ.

ಆ ಲೆಕ್ಕವನ್ನ ನಾನೇ ಮತ್ತೊಮ್ಮೆ ಹಾಕಿ ನೋಡಿದೆ. ವರ್ಡಾಸ್ಕೊ ಎದುರು 6-4ರಲ್ಲಿ ಗೆದ್ದ ಸೆಟ್ಟನ್ನು ಮರ್ರೆ 6-3ಕ್ಕೆ ಮುಗಿಸಿದ್ದರೆ ಸಾಕಿತ್ತು, ಕೂದಲೆಳೆ ಅಂತರದಲ್ಲಿ ಡೆಲ್ ಪೊಟ್ರೊನನ್ನು ದಾಟುತ್ತಿದ್ದರು. ಅದೂ ಅಲ್ಲದೆ, ಇದೇ ಡೆಲ್ ಪೊಟ್ರೊನನ್ನು ಅವರು ಸೋಲಿಸಿದ್ದರು ಕೂಡ. ಆದರೆ ಡೆಲ್ ಪೊಟ್ರೊ ಫೆಡರರ್‌ನನ್ನು, ಫೆಡರರ್ ಮರ್ರೆಯನ್ನು ಸೋಲಿಸಿದ್ದರಿಂದ ಯಾರು ಯಾರನ್ನು ಸೋಲಿಸಿದರು ಅನ್ನೋದರಿಂದ ಉತ್ತರ ಸಿಗುವಂತಿರಲಿಲ್ಲ.

ಒಂದು ಗೇಮ್‌ಗಾಗಿ ಹೊರಬೀಳೋದು ಕ್ರೂರ ಅನ್ನಿಸಬಹುದು. ಅನ್ಯಾಯ ಅಂತ ನನಗನ್ನಿಸಲ್ಲ. ನಿಯಮ ಮೊದಲೇ ಬರೆದಿತ್ತು. ಮರ್ರೆ ಬ್ರಿಟನ್ನಿನ ಮನೆಮಗ, ಟೂರ್ನಿ ನಡೀತಿದ್ದಿದ್ದು ಲಂಡನ್ನಿನಲ್ಲೇ. ಆದರೂ ಅವರಿಗಾಗಿ ಯಾರೂ ನಿಯಮ ಬದಲಿಸಲಿಲ್ಲ.

ಬದಲಿಸಲು ಹೋದರೆ ಏನಾಗುತ್ತೆ ಅನ್ನೋದು ಅದಕ್ಕೂ ಮೊದಲು, 2007ರಲ್ಲಿ, ಲಾಸ್ ವೇಗಸ್‌ನಲ್ಲಿ ಗೊತ್ತಾಗಿತ್ತು. ಎಟಿಪಿ ಆಗ ಕೆಲವು ಸಾಮಾನ್ಯ ಟೂರ್ನಿಗಳಲ್ಲೂ ರೌಂಡ್ ರಾಬಿನ್ ಪ್ರಯೋಗ ಮಾಡುತ್ತಿತ್ತು. ಮೂವರ ಗುಂಪು, ಒಬ್ಬರಿಗೆ ಮಾತ್ರ ಮುಂದಿನ ಸುತ್ತು. ಹಿಂದಿನ ವರ್ಷದ ಚಾಂಪಿಯನ್ ಜೇಮ್ಸ್ ಬ್ಲೇಕ್, ಕೊರೊಲೆವ್ ಎದುರು ಸೋತಿದ್ದರು. ಮುಂದೆ ಹೋಗಬೇಕಾದರೆ ಡೆಲ್ ಪೊಟ್ರೊನನ್ನು ನೇರ ಸೆಟ್‌ಗಳಲ್ಲಿ, ಐದಕ್ಕಿಂತ ಹೆಚ್ಚು ಗೇಮ್ ಬಿಟ್ಟುಕೊಡದೆ ಸೋಲಿಸಬೇಕಿತ್ತು. ಬ್ಲೇಕ್ 6-1, 3-1ರಿಂದ ಮುಂದಿದ್ದಾಗ ಡೆಲ್ ಪೊಟ್ರೊ ಆಟ ನಿಲ್ಲಿಸಿಬಿಟ್ಟರು. ಅಲ್ಲಿಗೆ ಮೂವರ ಟೈ ಹೋಗಿ ಇಬ್ಬರ ಟೈ ಆಯ್ತು. ಪರಸ್ಪರ ಪಂದ್ಯ ಗೆದ್ದಿದ್ದ ಕೊರೊಲೆವ್ ನಿಯಮದ ಪ್ರಕಾರ ಮುಂದಕ್ಕೆ.

ಬ್ಲೇಕ್ ದೂರಿನಲ್ಲಿ ಹುರುಳಿತ್ತು. ಎದುರಾಳಿ ನಿವೃತ್ತನಾದರೆ ಅವರ ತಪ್ಪೇನು? ಆದರೆ ಎಟಿಪಿ ಮುಖ್ಯಸ್ಥ ಎಟಿಯೆನ್ ಡಿ ವಿಲಿಯರ್ಸ್ ಅದಕ್ಕೆ ಕೊಟ್ಟ ಪರಿಹಾರ ಇನ್ನೂ ಕೆಟ್ಟದ್ದು. ನಿಯಮ ಬದಿಗಿಟ್ಟು ಬ್ಲೇಕ್‌ನನ್ನೇ ಮುಂದಿನ ಸುತ್ತಿಗೆ ಕಳಿಸಿದರು. ಮರುದಿನ ತಪ್ಪೊಪ್ಪಿಕೊಂಡು ಕೊರೊಲೆವ್‌ಗೆ ಜಾಗ ವಾಪಸ್ ಕೊಟ್ಟರು. ಕೆಲವೇ ವಾರಗಳಲ್ಲಿ ಆ ಪ್ರಯೋಗವನ್ನೇ ಕೈಬಿಟ್ಟರು.

ನಾನು ಇದರಿಂದ ಕಲಿತದ್ದಿಷ್ಟು. ಟೈ ಬಿಡಿಸೋಕೆ ಪರಿಪೂರ್ಣ ಸೂತ್ರ ಇಲ್ಲ. ಸೆಟ್, ಗೇಮ್, ಪರಸ್ಪರ ಪಂದ್ಯ, ಯಾವುದನ್ನ ಆರಿಸಿದರೂ ಯಾರೋ ಒಬ್ಬರಿಗೆ ನೋವಾಗುತ್ತೆ. ನಿಯಮದಲ್ಲಿ ದೋಷ ಇದ್ದರೆ ಮುಂದಿನ ಟೂರ್ನಿಗೆ ಮೊದಲು ತಿದ್ದಬೇಕು, ಫಲಿತಾಂಶ ನೋಡಿದ ಮೇಲಲ್ಲ. "ಇದೊಂದು ಸಲ" ಅಂತ ಅಧಿಕಾರದಲ್ಲಿರುವವರು ನಿಯಮ ಸಡಿಲಿಸಿದಾಗ ಲಾಭ ಸಾಮಾನ್ಯವಾಗಿ ಹೆಸರಿದ್ದವರಿಗೇ ಹೋಗುತ್ತೆ, ಬೆಲೆ ಕಟ್ಟೋದು ಕೊರೊಲೆವ್‌ನಂಥವರು. ಟೆನಿಸ್‌ಗಷ್ಟೇ ಅನ್ವಯಿಸುವ ಮಾತಲ್ಲ ಇದು.